ಹಳೆಯ ಲೋಡರ್ ಟ್ರಾಕ್ಟರಿನ ತೋಳಿನಲ್ಲಿ ಬಲವಿದೆಯೇ?

ಕೃಷಿ ಹೊಂಡ ತೆಗೆಯಲು, ಪೈಪಿಗೆ ಕಾಲುವೆ ತೋಡಲು, ಲಾರಿಗೆ ಮಣ್ಣು ತುಂಬಲು ಬರುವ ಯಂತ್ರವನ್ನು ನೀವು ನೋಡಿಯೇ ಇರುತ್ತೀರಿ. ಮುಂದೆ ಅಗಲವಾದ ಲೋಡರ್ ಬಕೆಟ್, ಹಿಂದೆ ಮೊಣಕೈಯಂತೆ ಮಡಚುವ ತೋಳು. ಈ ಹಿಂದಿನ ತೋಳಿಗೆ ಬ್ಯಾಕ್‌ಹೋ ಎಂದು ಹೆಸರು. ಯಂತ್ರ ಯಾವ ಕಂಪನಿಯದೇ ಆಗಿರಲಿ, ನಮ್ಮ ಬಾಯಲ್ಲಿ ಅದು 'ಜೆಸಿಬಿ'ಯೇ. ಬ್ರಿಟನ್ನಿನ ಜೋಸೆಫ್ ಸಿರಿಲ್ ಬ್ಯಾಂಫರ್ಡ್ ಎಂಬಾತನ ಹೆಸರಿನ ಮೊದಲಕ್ಷರಗಳವು. 1953ರಲ್ಲಿ ಆತನ ಕಂಪನಿ ಒಂದೇ ಟ್ರಾಕ್ಟರಿಗೆ ಮುಂದೆ ಲೋಡರು, ಹಿಂದೆ ತೋಡುವ ತೋಳು ಜೋಡಿಸಿತು. ಸಾಮಾನ್ಯ ಟ್ರಾಕ್ಟರಿಗೆ ಇವೆರಡನ್ನೂ ಕೂಡಿಸಿದ ಯಂತ್ರಗಳು ಇಂದಿಗೂ ಕೈಯಿಂದ ಕೈಗೆ ಮಾರಾಟವಾಗುತ್ತಿವೆ.

ಅಂಥದೊಂದು ಹಳೆಯ ಯಂತ್ರವನ್ನು ನೀವು ಕೊಳ್ಳಲು ಹೊರಟಿದ್ದೀರಿ ಎಂದುಕೊಳ್ಳಿ. ಇಂಜಿನ್ನಿನ ಸದ್ದು, ಹೊಗೆಯ ಬಣ್ಣ, ಟಯರಿನ ಸವೆತ ಇವನ್ನು ಎಲ್ಲರೂ ನೋಡುತ್ತಾರೆ. ಆದರೆ ಮಣ್ಣು ತೋಡುವುದು ಇಂಜಿನ್ನಲ್ಲ, ಎಣ್ಣೆ. ಇಂಜಿನ್ನು ಪಂಪನ್ನು ತಿರುಗಿಸುತ್ತದೆ. ಪಂಪು ಎಣ್ಣೆಯನ್ನು ಸಿಲಿಂಡರಿಗೆ ತಳ್ಳುತ್ತದೆ. ಸಿಲಿಂಡರಿನ ಪಿಸ್ಟನ್ ತೋಳನ್ನು ಆಡಿಸುತ್ತದೆ. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬ ಪಾಸ್ಕಲನ ನಿಯಮ ಶಾಲೆಯ ಪಾಠದಲ್ಲಿತ್ತಲ್ಲವೇ? ಇಲ್ಲಿ ಕೆಲಸ ಮಾಡುವುದು ಅದೇ.

ಸಿಲಿಂಡರಿನ ಒಳವ್ಯಾಸ 10 ಸೆಂಟಿಮೀಟರು ಇದ್ದರೆ ಪಿಸ್ಟನ್ನಿನ ವಿಸ್ತೀರ್ಣ ಸುಮಾರು 78 ಚದರ ಸೆಂಟಿಮೀಟರು. ಎಣ್ಣೆಯ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ 200 ಕಿಲೋಗ್ರಾಂ ಆದರೆ ಪಿಸ್ಟನ್ ತಳ್ಳುವ ಬಲ 15 ಟನ್ನಿಗೂ ಹೆಚ್ಚು. ಒಂದು ವಿಷಯ ನೆನಪಿಡಿ: ಬಲವನ್ನು ನಿರ್ಧರಿಸುವುದು ಒತ್ತಡ, ವೇಗವನ್ನು ನಿರ್ಧರಿಸುವುದು ನಿಮಿಷಕ್ಕೆ ಹರಿಯುವ ಎಣ್ಣೆಯ ಪ್ರಮಾಣ. ಇವೆರಡನ್ನೂ ಬೇರೆಬೇರೆಯಾಗಿ ನೋಡಿದರೆ ರೋಗ ಎಲ್ಲಿದೆ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ಖಾಲಿ ಬಕೆಟ್ ಚುರುಕಾಗಿ ಏರುತ್ತದೆ, ಆದರೆ ಮಣ್ಣು ತುಂಬಿದರೆ ನಿಂತುಬಿಡುತ್ತದೆ. ಎಲ್ಲ ಸಿಲಿಂಡರುಗಳಲ್ಲೂ ಇದೇ ಕತೆ. ಆಗ ಮೊದಲು ನೋಡಬೇಕಾದ್ದು ರಿಲೀಫ್ ವಾಲ್ವನ್ನು. ಒತ್ತಡ ಮಿತಿ ಮೀರದಂತೆ ಎಣ್ಣೆಯನ್ನು ಟ್ಯಾಂಕಿಗೆ ಬಿಡುವ ಕವಾಟ ಅದು. ಅದರ ಸ್ಪ್ರಿಂಗು ಸೋತರೆ ಎಣ್ಣೆ ಬೇಗನೆ ದಾರಿ ಬಿಡುತ್ತದೆ. ತಣ್ಣಗಿದ್ದಾಗ ಸರಿಯಾಗಿದ್ದು, ಬಿಸಿಯಾದಂತೆ ಎಲ್ಲ ಚಲನೆಗಳೂ ನಿಧಾನವಾದರೆ ಅನುಮಾನ ಸವೆದ ಪಂಪಿನ ಮೇಲೆ. ಒಂದೇ ಚಲನೆ ಮಾತ್ರ ಸೋತಿದ್ದರೆ ಪಂಪನ್ನು ಬಿಡಿ, ಆ ಸಿಲಿಂಡರನ್ನೂ ಅದರ ಕವಾಟವನ್ನೂ ನೋಡಿ.

ಬಿಸಿಗೂ ಸೋರಿಕೆಗೂ ಏನು ಸಂಬಂಧ? ಎಣ್ಣೆ ಬಿಸಿಯಾದಂತೆ ಅದರ ಸ್ನಿಗ್ಧತೆ ಇಳಿದು ತೆಳುವಾಗುತ್ತದೆ. ಸವೆದ ಭಾಗಗಳ ಸಂದಿನಲ್ಲಿ ತೆಳು ಎಣ್ಣೆ ಸುಲಭವಾಗಿ ನುಸುಳುತ್ತದೆ. ಆದ್ದರಿಂದಲೇ ಬೆಳಗಿನ ತಂಪಿನಲ್ಲಿ ಹತ್ತು ನಿಮಿಷ ಓಡಿಸಿ ತೋರಿಸುವ ಯಂತ್ರವನ್ನು ನಂಬಬೇಡಿ. ಮಾರುವ ಮುನ್ನ ದಪ್ಪ ಎಣ್ಣೆ ತುಂಬಿಸಿಟ್ಟವರೂ ಇರಬಹುದು. ಕನಿಷ್ಠ ಒಂದು ಗಂಟೆ ನಿಜವಾದ ಕೆಲಸ ಮಾಡಿಸಿ, ಟ್ಯಾಂಕು ಚೆನ್ನಾಗಿ ಬಿಸಿಯಾದ ಮೇಲೆ ನೋಡಿ. ಡೀಸೆಲ್ ಖರ್ಚು ನೀವೇ ಕೊಟ್ಟರೂ ನಷ್ಟವಿಲ್ಲ.

ಇನ್ನು ಹಳೆಯ ಯಂತ್ರಗಳ ಸಾಮಾನ್ಯ ದೂರು: ಎತ್ತಿ ನಿಲ್ಲಿಸಿದ ಬಕೆಟ್ ತಾನಾಗಿ ಇಳಿಯುತ್ತದೆ. 'ಸೀಲ್ ಹೋಗಿದೆ' ಎಂದು ಸಿಲಿಂಡರು ಬಿಚ್ಚುತ್ತಾರೆ, ಸೀಲ್ ಕಿಟ್ ಹಾಕುತ್ತಾರೆ. ಬಕೆಟ್ ಮತ್ತೆ ಇಳಿಯುತ್ತದೆ! ಏಕೆ?

ಲೋಡರಿನ ಭಾರ ಪಿಸ್ಟನ್ ರಾಡನ್ನು ಸಿಲಿಂಡರಿನ ಒಳಕ್ಕೆ ಒತ್ತುತ್ತದೆ. ಲೀವರು ನಡುವೆ ಇದ್ದಾಗ ಸಿಲಿಂಡರಿನ ಎರಡೂ ದಾರಿಗಳು ಮುಚ್ಚಿರುತ್ತವೆ. ಪಿಸ್ಟನ್ನಿನ ಸೀಲು ಪೂರ್ತಿ ಹರಿದಿದೆ, ಎಣ್ಣೆ ಒಂದು ಬದಿಯಿಂದ ಇನ್ನೊಂದಕ್ಕೆ ನುಸುಳುತ್ತಿದೆ ಎಂದುಕೊಳ್ಳಿ. ರಾಡು ಒಳಗೆ ಬರಬೇಕಾದರೆ ಅದರ ಗಾತ್ರದಷ್ಟು ಎಣ್ಣೆ ಎಲ್ಲಿಗಾದರೂ ಹೊರಹೋಗಬೇಕು. ದಾರಿಗಳು ಮುಚ್ಚಿರುವಾಗ ಅದು ಹೋಗುವುದೆಲ್ಲಿಗೆ? ಎಣ್ಣೆಯನ್ನು ಹಿಂಡಿ ಕುಗ್ಗಿಸುವುದು ಬಹಳ ಕಷ್ಟ. ಆದ್ದರಿಂದ ಭಾರ ತುಸು ಇಳಿದು ನಿಲ್ಲುತ್ತದೆ. ಆದರೆ ಒಳಗಿನ ಒತ್ತಡ ಮಾತ್ರ ಏರಿರುತ್ತದೆ, ಏಕೆಂದರೆ ಈಗ ಭಾರವನ್ನು ಹೊರುವುದು ಇಡೀ ಪಿಸ್ಟನ್ನಿನ ವಿಸ್ತೀರ್ಣವಲ್ಲ, ರಾಡಿನ ವಿಸ್ತೀರ್ಣ ಮಾತ್ರ. ಮೇಲಿನ ಸಿಲಿಂಡರಿನಲ್ಲಿ ರಾಡಿನ ವ್ಯಾಸ 5 ಸೆಂಟಿಮೀಟರು ಇದ್ದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ.

ಹಾಗಾದರೆ ಇಳಿಯುತ್ತಲೇ ಹೋಗುವ ಬಕೆಟ್ಟಿನ ಎಣ್ಣೆ ಎಲ್ಲಿಂದ ತಪ್ಪಿಸಿಕೊಳ್ಳುತ್ತಿದೆ? ಹೊರಗೆ ಸೋರುತ್ತಿಲ್ಲವಾದರೆ ಲೀವರಿನ ಕೆಳಗಿರುವ ಕಂಟ್ರೋಲ್ ವಾಲ್ವಿನಿಂದ. ಅದರೊಳಗೆ ಜಾರುವ ಸ್ಪೂಲಿಗೂ ಗೂಡಿಗೂ ನಡುವಿನ ಸಂದು ಸವೆದು ಎಣ್ಣೆ ಟ್ಯಾಂಕಿಗೆ ಹೋಗುತ್ತಿರುತ್ತದೆ. ಸೀಲೂ ಹರಿದಿದ್ದರೆ ಏರಿದ ಒತ್ತಡ ಈ ಸೋರಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಹೊಸ ಸೀಲು ಹಾಕಿದಾಗ ಇಳಿತ ನಿಧಾನವಾಗಿ, ನಿಲ್ಲದೇ ಇರುವುದು ಇದರಿಂದಲೇ. ಭಾರವು ರಾಡನ್ನು ಹೊರಕ್ಕೆ ಎಳೆಯುವಂತೆ ಜೋಡಿಸಿದ ಸಿಲಿಂಡರಿಗೆ ಈ ಲೆಕ್ಕ ಅನ್ವಯಿಸದು. ಅಲ್ಲಿ ಹರಿದ ಸೀಲೊಂದೇ ಸಾಕು, ತೋಳು ಜಾರುತ್ತದೆ.

ಸೀಲನ್ನೇ ಪರೀಕ್ಷಿಸುವುದು ಹೇಗೆ? ಲೋಡರನ್ನು ಪೂರ್ತಿ ಎತ್ತಿ, ಉಕ್ಕಿನ ಭದ್ರವಾದ ಆಧಾರ ಕೊಟ್ಟು ಅದರ ಮೇಲೆ ಕೂರಿಸಬೇಕು. ಇಂಜಿನ್ನು ನಿಲ್ಲಿಸಿ, ಲೀವರು ಆಡಿಸಿ ಉಳಿದ ಒತ್ತಡ ಬಿಡಬೇಕು. ರಾಡಿನ ಬದಿಯ ಹೋಸ್ ಪೈಪನ್ನು ಕಳಚಿ, ಪೈಪಿನ ತುದಿಗೆ ಬಿರಡೆ ಹಾಕಬೇಕು. ಎಲ್ಲರೂ ದೂರ ಸರಿದ ಮೇಲೆ ಇಂಜಿನ್ನು ಚಾಲೂ ಮಾಡಿ, ಲೀವರನ್ನು 'ಎತ್ತು' ಕಡೆಗೆ ಹಿಡಿಯಬೇಕು. ಪಿಸ್ಟನ್ ಕೊನೆ ಮುಟ್ಟಿದ ಮೇಲೂ ತೆರೆದ ದಾರಿಯಿಂದ ಎಣ್ಣೆ ಸುರಿಯುತ್ತಲೇ ಇದ್ದರೆ ಸೀಲು ಹರಿದಿದೆ. ಇದು ಅನುಭವಿ ಮೆಕ್ಯಾನಿಕ್ ಮಾಡಬೇಕಾದ ಕೆಲಸ. ಆಧಾರವಿಲ್ಲದೆ ಎತ್ತಿದ ಬಕೆಟ್ಟಿನ ಕೆಳಗೆ ಯಾರೂ ತಲೆ ಹಾಕಬಾರದು.

ಇದಕ್ಕಿಂತ ಕಡಿಮೆ ಜನಕ್ಕೆ ಗೊತ್ತಿರುವ ಅಪಾಯ ಇನ್ನೊಂದಿದೆ. ಹೋಸ್ ಪೈಪಿನಲ್ಲಿ ಸೂಜಿಮೊನೆಯಷ್ಟು ತೂತಾದರೆ ಅಲ್ಲಿಂದ ಚಿಮ್ಮುವ ಎಣ್ಣೆ ಕಣ್ಣಿಗೂ ಸರಿಯಾಗಿ ಕಾಣದು, ಆದರೆ ಚರ್ಮವನ್ನು ತೂರಿ ಒಳಹೋಗುತ್ತದೆ. ಗಾಯ ಮುಳ್ಳು ಚುಚ್ಚಿದಂತೆ ಕಾಣುತ್ತದೆ, ಮೊದಲಿಗೆ ನೋವೂ ಹೆಚ್ಚಿರದು. ಒಳಗೆ ಮಾಂಸ ಸಾಯತೊಡಗಿರುತ್ತದೆ. ತಡಮಾಡಿದರೆ ಬೆರಳನ್ನೋ ಕೈಯನ್ನೋ ಕತ್ತರಿಸಬೇಕಾಗಬಹುದು. ಸೋರಿಕೆಯನ್ನು ಕೈಯಿಂದ ಸವರಿ ಹುಡುಕಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಚುಚ್ಚಿದ್ದೇ ಆದರೆ ಅರಿಸಿನ ಹಚ್ಚಿ ಕೂರದೆ ಕೂಡಲೇ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ, ಒತ್ತಡದ ಎಣ್ಣೆ ಹೊಕ್ಕಿದೆ ಎಂದು ಬಿಡಿಸಿ ಹೇಳಿ.

ಟ್ರಾಕ್ಟರಿನ ದೇಹವನ್ನೂ ನೋಡಬೇಕು. ಲಾರಿಗಿರುವಂತೆ ಸಾಮಾನ್ಯ ಟ್ರಾಕ್ಟರಿಗೆ ಪ್ರತ್ಯೇಕ ಛಾಸಿ ಇಲ್ಲ. ಇಂಜಿನ್ನು ಮತ್ತು ಗೇರುಪೆಟ್ಟಿಗೆಗಳ ಎರಕದ ಕವಚವೇ ಅದರ ಬೆನ್ನೆಲುಬು. ಉಳುವಾಗ ಅದು ಸಾಕು. ಹಿಂದಿನ ತೋಳು ನೆಲ ಅಗೆಯುವ ಜಗ್ಗಾಟವನ್ನು ತಡೆಯಲು ಮುಂದಿನಿಂದ ಹಿಂದಿನವರೆಗೆ ಉಕ್ಕಿನ ಚೌಕಟ್ಟು ಬೇಕು. ಅದಿಲ್ಲದೆ ತೋಳನ್ನು ನೇರವಾಗಿ ಹಿಂಬದಿಗೆ ತೂಗುಹಾಕಿದ್ದರೆ ಕವಚಗಳ ಜೋಡಣೆಯಲ್ಲಿ ಬಿರುಕು, ಎಣ್ಣೆ ಜಿನುಗು, ಸಡಿಲ ಬೋಲ್ಟು ಇವೆಯೇ ಎಂದು ಹುಡುಕಿ. ಹೊಸ ಬಣ್ಣದ ಅಡಿಯಲ್ಲಿ ಹಳೆಯ ವೆಲ್ಡಿಂಗ್ ಇರಬಹುದು. ಬಕೆಟ್ಟನ್ನು ನೆಲದಿಂದ ತುಸು ಎತ್ತಿಸಿ ಪಕ್ಕಕ್ಕೆ ಅಲುಗಿಸಿದರೆ ಪಿನ್ನು, ಬುಶ್‌ಗಳ ಸವೆತ ತಿಳಿಯುತ್ತದೆ.

ನೀವು ಮಾರುವವರಾದರೆ? ಸೋರುವ ಹೋಸ್ ಪೈಪು, ಸವೆದ ಪಿನ್ನು, ಬುಶ್ ಇವನ್ನು ಬದಲಿಸಿ. ಖರ್ಚು ಕಡಿಮೆ, ಬೆಲೆಯಲ್ಲಿ ಮರಳಿ ಬರುತ್ತದೆ. ಪಂಪು ಹೋಗಿದ್ದರೆ ಬದಲಿಸುವುದಕ್ಕಿಂತ ಹೇಳಿ ಬೆಲೆ ಇಳಿಸುವುದೇ ಎಷ್ಟೋ ಸಲ ಲೇಸು. ಬಲ ಸಾಲದೆಂದು ರಿಲೀಫ್ ವಾಲ್ವಿನ ತಿರುಪನ್ನು ಅಳತೆಯಿಲ್ಲದೆ ಬಿಗಿ ಮಾಡಿಸುವುದು ಮಾತ್ರ ಕೂಡದು. ಪೈಪು ಸಿಡಿಯುತ್ತದೆ, ಕೊಂಡವನ ಆಳಿಗೆ ಪೆಟ್ಟಾಗುತ್ತದೆ. ಒತ್ತಡಮಾಪಕ ಜೋಡಿಸಿ, ತಯಾರಕರು ಹೇಳಿದ ಅಂಕಿಗೇ ನಿಲ್ಲಿಸಿ.

ಕಾಗದಪತ್ರಗಳನ್ನು ಮರೆಯಬೇಡಿ. ನೋಂದಣಿ ವರ್ಗಾವಣೆಗೆ 29 ಮತ್ತು 30ನೇ ನಮೂನೆ, ಸಾಲ ತೀರಿದ್ದರೆ ಬ್ಯಾಂಕಿನ ಪತ್ರದೊಡನೆ 35ನೇ ನಮೂನೆ ಬೇಕು. ಟ್ರಾಕ್ಟರು ಕೃಷಿಗೆಂದು ನೋಂದಣಿಯಾಗಿ, ಆಮೇಲೆ ಲೋಡರು ಕೂಡಿಸಿದ್ದರೆ ಆ ಮಾರ್ಪಾಡು ನೋಂದಣಿ ಪುಸ್ತಕದಲ್ಲಿ ಇದೆಯೇ ಎಂದು ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ. ಅಪಘಾತವಾದ ದಿನ ವಿಮಾ ಕಂಪನಿ ಕೇಳುವುದು ಅದನ್ನೇ. ಬದಲಿಸಿದ ಹಳೆಯ ಬಿಡಿಭಾಗಗಳನ್ನೂ ಬಿಲ್ಲುಗಳನ್ನೂ ಎಸೆಯದೆ ಇಟ್ಟುಕೊಂಡಿರಿ. ಕೊಳ್ಳುವವರು ಬಂದಾಗ ಆ ಸವೆದ ಬುಶ್ ತೋರಿಸಿ, ಆಮೇಲೆ ಬೆಲೆ ಹೇಳಿ.