ಮಣಿದ ಲೋಹದ ಲೆಕ್ಕ

ಗೋಡೆಗೆ ಹೊಡೆಯುವಾಗ ಸೊಟ್ಟಗಾದ ಮೊಳೆ ತಾನಾಗಿ ನೆಟ್ಟಗಾಗುವುದಿಲ್ಲ. ಗರಗಸದ ಅಲಗಾದರೋ ತುಸು ಬಾಗಿಸಿ ಬಿಟ್ಟರೆ ಮೊದಲಿನ ಆಕಾರಕ್ಕೆ ಮರಳುತ್ತದೆ. ಈ ಮರಳುವ ಗುಣವನ್ನು ನಮ್ಮ ಪಠ್ಯಪುಸ್ತಕಗಳು ‘ಸ್ಥಿತಿಸ್ಥಾಪಕತೆ’ ಎಂದು ಕರೆದಿವೆ. ಮರಳದಿರುವುದಕ್ಕೆ ‘ಮಣಿಯುವುದು’ ಎಂಬ ನಮ್ಮ ಮಾತೇ ಸಾಕೆಂದು ನನಗೆ ತೋರುತ್ತದೆ. ಬಾಗಿದ್ದು ಮತ್ತೆ ಸೆಟೆದು ನಿಲ್ಲಬಹುದು. ಮಣಿದದ್ದು ಸೋಲನ್ನು ಒಪ್ಪಿಕೊಂಡಿದೆ.

ಒಂದು ಮೀಟರ್ ಉದ್ದದ ಸಾಧಾರಣ ಮೆದು ಉಕ್ಕಿನ ಸರಳು ಸುಮಾರು ಒಂದೂಕಾಲು ಮಿಲಿಮೀಟರಿನವರೆಗೆ ಹಿಗ್ಗಿ, ಬಿಟ್ಟೊಡನೆ ಮರಳಬಲ್ಲುದು. ಅಷ್ಟರೊಳಗಿನ ಲೆಕ್ಕ ಸುಲಭ: ಭಾರ ಇಮ್ಮಡಿಯಾದರೆ ಹಿಗ್ಗೂ ಇಮ್ಮಡಿ. ಆ ಗೆರೆ ದಾಟಿತೆಂದರೆ ಗಣಿತಜ್ಞನ ಕಷ್ಟ ಮೊದಲಾಗುತ್ತದೆ.

ಫ್ರಾನ್ಸಿನ ಎಂಜಿನಿಯರ್ ತ್ರೆಸ್ಕಾ ಅವರು ಚಕ್ಕುಲಿಯ ಒರಳಿನಲ್ಲಿ ಹಿಟ್ಟನ್ನು ಒತ್ತುವಂತೆ ಲೋಹಗಳನ್ನು ಭಾರಿ ಒತ್ತಡದಿಂದ ರಂಧ್ರಗಳ ಮೂಲಕ ಹಿಂಡಿ ನೋಡಿದರು. 1864ರಲ್ಲಿ ಪ್ಯಾರಿಸ್ಸಿನ ಅಕಾಡೆಮಿಯ ಮುಂದೆ ತಮ್ಮ ಶೋಧವನ್ನಿಟ್ಟರು. ಪುಸ್ತಕಗಳ ಅಟ್ಟಿಯನ್ನು ಎಲ್ಲ ಕಡೆಗಳಿಂದಲೂ ಸಮನಾಗಿ ಅದುಮಿದರೆ ಅದು ಕದಲದು. ಮೇಲಿನದನ್ನು ಪಕ್ಕಕ್ಕೆ ತಳ್ಳಿದರೆ ಜಾರುತ್ತದೆ. ಲೋಹವೂ ಹಾಗೆಯೇ. ಒಳಗೆ ಜಾರಿಸುವ ಬಲ ಒಂದು ಮಿತಿ ಮುಟ್ಟಿದಾಗ ಮಣಿಯುತ್ತದೆ. ಈ ನಿಯಮವನ್ನು ಚಿತ್ರವಾಗಿ ಬರೆದರೆ ಆರು ಮೂಲೆಗಳ ಷಟ್ಕೋನ ಮೂಡುತ್ತದೆ. ಮೂಲೆಗಳೆಂದರೆ ಗಣಿತಕ್ಕೆ ತೊಡಕು. ಅದಕ್ಕಾಗಿ 1913ರಲ್ಲಿ ಫಾನ್ ಮೀಸೆಸ್ ಅವರು ಆ ಮೂಲೆಗಳನ್ನು ಮುಟ್ಟುವಂತೆ ಒಂದು ನುಣುಪಾದ ವರ್ತುಲವನ್ನು ಎಳೆದರು. ಲೆಕ್ಕದ ಅನುಕೂಲಕ್ಕಾಗಿ, ಅಷ್ಟೆ. ಎರಡು ನಿಯಮಗಳ ನಡುವಣ ಅಂತರ ಹೆಚ್ಚೆಂದರೆ ಶೇಕಡ 15ರಷ್ಟು. ಆದರೆ 1931ರಲ್ಲಿ ಟೇಲರ್ ಮತ್ತು ಕ್ವಿನ್ನಿ ಎಂಬವರು ತಾಮ್ರ, ಅಲ್ಯೂಮಿನಿಯಂ, ಉಕ್ಕಿನ ಕೊಳವೆಗಳನ್ನು ಎಳೆದು ತಿರುಚಿ ನೋಡಿದಾಗ, ಲೋಹಗಳು ವರ್ತುಲದ ಬಳಿಯೇ ಮಣಿದವು!

ಇಲ್ಲೊಂದು ಮಾತನ್ನು ಭಾಷೆಯ ಮೇಷ್ಟರಾದ ನಾನು ಹೇಳದೆ ಬಿಡಲಾರೆ. ಮೀಸೆಸ್ ಹುಟ್ಟಿದ ಲ್ವೂಫ್ ನಗರದಲ್ಲಿಯೇ, 1904ರಷ್ಟು ಹಿಂದೆ, ಹೂಬರ್ ಎಂಬವರು ಇದೇ ನಿಯಮವನ್ನು ಪ್ರಕಟಿಸಿದ್ದರು. ಬರೆದದ್ದು ಪೋಲಿಷ್ ಭಾಷೆಯಲ್ಲಿ. ಹೊರಗಿನವರು ಅದನ್ನು ಗಮನಿಸಲು ಎರಡು ದಶಕಗಳೇ ಹಿಡಿದವು.

ಯಾವಾಗ ಮಣಿಯುತ್ತದೆ ಎಂಬುದಾಯಿತು; ಮಣಿದ ಮೇಲೆ? ತಾಮ್ರದ ಪಾತ್ರೆಯನ್ನು ಬಡಿಯುತ್ತ ಹೋದಂತೆ ಅದು ಗಡುಸಾಗುತ್ತದೆ. ಕಂಚುಗಾರ ಅದನ್ನು ಮತ್ತೆ ಕಾಸಿ ಮೆದುಮಾಡಿಕೊಳ್ಳುತ್ತಾನೆ. ಪೆಟ್ಟು ತಿಂದ ಲೋಹದ ಮಿತಿ ಮೊದಲಿನ ಮಿತಿಯಲ್ಲ. ಇನ್ನೂ ವಿಚಿತ್ರವಾದದ್ದನ್ನು 1880ರ ದಶಕದಲ್ಲಿ ಜರ್ಮನಿಯ ಬೌಷಿಂಗರ್ ಕಂಡರು: ಎಳೆದು ಮಣಿಸಿದ ಸರಳನ್ನು ಹಿಮ್ಮುಖವಾಗಿ ಅದುಮಿದರೆ ಅದು ಮೊದಲಿಗಿಂತ ಬೇಗ ಮಣಿಯುತ್ತದೆ. ಆದುದರಿಂದ ಈಗಿನ ಭಾರವೆಷ್ಟೆಂದು ತಿಳಿದರೆ ಸಾಲದು, ಲೋಹದ ಪೂರ್ವವೃತ್ತಾಂತವೂ ಬೇಕು. ಗಣಿತ ಇಲ್ಲಿ ಅಂಗಡಿಯ ಖಾತೆ ಬರೆಯುವವನಂತೆ ನಡೆಯುತ್ತದೆ. ಅತ್ಯಲ್ಪ ಭಾರವನ್ನು ಸೇರಿಸುವುದು, ಅದರಿಂದಾದ ಅತ್ಯಲ್ಪ ವಿಕಾರವನ್ನು ಕಾಣುವುದು, ಮಿತಿಯನ್ನು ತಿದ್ದಿ ಮುಂದಿನ ಪುಟಕ್ಕೆ ಒಯ್ಯುವುದು. ಸಾವಿರಾರು ಪುಟಗಳ ಈ ಖಾತೆಯನ್ನು ಇಂದು ಕಂಪ್ಯೂಟರು ಬರೆಯುತ್ತದೆ.

ಭೂಕಂಪದಲ್ಲಿ ಕಾಂಕ್ರೀಟಿನೊಳಗಿನ ಉಕ್ಕಿನ ಕಂಬಿ ಒಮ್ಮೆ ಹಿಗ್ಗಿ, ಮರುಕ್ಷಣ ಕುಗ್ಗುತ್ತದೆ. ತೀವ್ರ ಕಂಪನದಲ್ಲಿ ಕಂಬಿ ಮಣಿದು ಅದರ ರಭಸವನ್ನು ನುಂಗಿಕೊಳ್ಳಲೆಂದೇ ಎಂಜಿನಿಯರರು ಕಟ್ಟಡಗಳನ್ನು ಯೋಜಿಸುತ್ತಾರೆ. ಗೋಡೆಗಳು ಬಿರಿಯಬಹುದು, ಒಳಗಿದ್ದವರು ಹೊರಗೆ ಬರುವವರೆಗೆ ಕಂಬ ನಿಲ್ಲಬೇಕು. ಕಂಬಿ ಎಷ್ಟು ಸಲ, ಎಷ್ಟು ದೂರ ಮಣಿದೂ ತುಂಡಾಗದೆ ಉಳಿದೀತು ಎಂಬುದನ್ನು ತಳಪಾಯ ತೋಡುವ ಮುನ್ನವೇ ಎಣಿಸಿಕೊಳ್ಳಬೇಕಾಗುತ್ತದೆ.