ಹಾಜರಿ ಕರೆಯುವ ಕರ್ನೆಲ್

ಕಂಪ್ಯೂಟರಿನ ಗುಂಡಿ ಒತ್ತಿದೊಡನೆ ಅದರೊಳಗೆ, ಶಾಲೆಯಲ್ಲಿ ನಡೆಯುವಂತೆಯೇ, ಹಾಜರಿ ನಡೆಯುತ್ತದೆ. ಕರೆಯುವುದು ಕರ್ನೆಲ್, ಅಂದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳು.

1980ರ ದಶಕದ ಪಿ.ಸಿ.ಗಳಿಗೆ ಈ ಭಾಗ್ಯವಿರಲಿಲ್ಲ. ಹೊಸ ಸೌಂಡ್ ಕಾರ್ಡ್ ತಂದವರು ಅದರ ಮೇಲಿನ ಪುಟ್ಟ ಜಂಪರ್‌ಗಳನ್ನು ಕೈಯಾರೆ ಕಿತ್ತು ಜೋಡಿಸಬೇಕಿತ್ತು. ಪ್ರೊಸೆಸರನ್ನು ಎಚ್ಚರಿಸುವ ತಂತಿಗಳೋ ಬೆರಳೆಣಿಕೆಯಷ್ಟು. ಪ್ರಿಂಟರ್ ಬಳಸುವ 7ನೆಯ ತಂತಿಯನ್ನೇ ಸೌಂಡ್ ಕಾರ್ಡಿಗೂ ಕೊಟ್ಟರೆ ಎರಡೂ ಕೈಕೊಡಬಹುದಿತ್ತು. ದುಡ್ಡು ತೆತ್ತು ತಂದ ಕಾರ್ಡು ಮೂಕವಾದರೆ ತಪ್ಪು ಅಂಗಡಿಯವನದೋ ಮಗನದೋ ಎಂದು ಅಪ್ಪನಿಗೆ ತಿಳಿಯುವುದಾದರೂ ಹೇಗೆ?

1992ರಲ್ಲಿ ಇಂಟೆಲ್ ಹೊರತಂದ ಪಿ.ಸಿ.ಐ. ಎಂಬ ಬಸ್ (ಕಾರ್ಡುಗಳನ್ನು ಜೋಡಿಸುವ ತಂತಿಮಾರ್ಗ) ಈ ಗೋಜಲು ಬಿಡಿಸಿತು. ಇದರ ಪ್ರತಿ ಕಾರ್ಡಿನಲ್ಲೂ ಸ್ವಪರಿಚಯಕ್ಕೆಂದೇ 256 ಬೈಟ್ ಜಾಗವುಂಟು. ಬಸ್ಸಿನ 32 ಸ್ಥಾನಗಳಿಗೂ ಕರ್ನೆಲ್ ಕೇಳುವ ಮೊದಲ ಪ್ರಶ್ನೆ, "ನಿನ್ನ ತಯಾರಕರು ಯಾರು?" ಇಂಟೆಲ್‌ನ ಕಾರ್ಡಾದರೆ ಉತ್ತರ 8086, 1978ರ ಅದರ ಹೆಸರಾಂತ ಚಿಪ್‌ನ ಸಂಖ್ಯೆಯೇ! ಸ್ಥಾನ ಖಾಲಿಯಿದ್ದರೆ ಹದಿನಾರು ಬಿಟ್‌ಗಳೂ 1 ಆಗಿ ಬರುತ್ತವೆ. ಆ ಸಂಖ್ಯೆಯನ್ನು ಯಾವ ತಯಾರಕರಿಗೂ ಕೊಡುವುದಿಲ್ಲ.

ಕಾರ್ಡಿಗೆ ಎಷ್ಟು ವಿಳಾಸಗಳು ಬೇಕೆಂದು ಅರಿಯುವ ಉಪಾಯ ಇನ್ನೂ ಸೊಗಸು. ಅದರ ವಿಳಾಸದ ರಿಜಿಸ್ಟರಿನ ತುಂಬ 1 ಬರೆದು ಕರ್ನೆಲ್ ತಿರುಗಿ ಓದುತ್ತದೆ. ಕಾರ್ಡು ಕೆಳಗಿನ ಕೆಲವು ಬಿಟ್‌ಗಳನ್ನು ಬದಲಿಸಗೊಡುವುದಿಲ್ಲ. ತೀರ ಕೆಳಗಿನ ನಾಲ್ಕು ಬೇರೆ ಗುರುತಿನವು. ಅವನ್ನೂ ಸೊನ್ನೆಯೆಂದೇ ಹಿಡಿದು ಒಟ್ಟು 20 ಸೊನ್ನೆಗಳಾದರೆ, ಎರಡರ ಇಪ್ಪತ್ತನೆಯ ಘಾತ, ಅಂದರೆ 10,48,576 ಬೈಟ್ ಬೇಕೆಂದಾಯಿತು. ಬಳಿಕ ಯಾರಿಗೂ ತಾಗದ ವಿಳಾಸವೊಂದನ್ನು ಅಲ್ಲಿ ಬರೆದರಾಯಿತು.

ಪಿ.ಸಿ.ಗಳಲ್ಲಿ ಈ ಹಂಚಿಕೆಯನ್ನು ಬಯಾಸ್ ಮೊದಲೇ ಮುಗಿಸಿರುವುದುಂಟು. ಲಿನಕ್ಸ್ ಕರ್ನೆಲ್ ಅದನ್ನು ಕಣ್ಣುಮುಚ್ಚಿ ನಂಬದು. ಎರಡು ವಿಳಾಸಗಳು ಒಂದರ ಮೇಲೊಂದು ಬಿದ್ದಿದ್ದರೆ ಬೇರೆ ಜಾಗ ಹುಡುಕುತ್ತದೆ.