ಸಲೈನ್ ಬಾಟಲಿ ಮುಗಿದ ಮೇಲೆ

ಪರವೂರಿನಲ್ಲಿ ಹೊಟ್ಟೆ ಕೆಟ್ಟರೆ ಹಿರಿಯರು ‘ನೀರು ಒಗ್ಗಲಿಲ್ಲ’ ಎನ್ನುತ್ತಾರೆ. ಬಹುಮಟ್ಟಿಗೆ ನಿಜವೇ. ಪ್ರವಾಸಿಗರನ್ನು ಕಾಡುವ ಭೇದಿಗೆ ಹೆಚ್ಚಿನ ಸಲ ಕಾರಣವಾಗುವುದು ನೀರು, ಆಹಾರದ ಜೊತೆ ಒಳಹೋಗುವ ಒಂದು ಬಗೆಯ ಇ. ಕೊಲೈ ಬ್ಯಾಕ್ಟೀರಿಯಾ. ಅದು ಕರುಳಿನಲ್ಲಿ ಬಿಡುವ ವಿಷಗಳಲ್ಲೊಂದು ಕಾಲರಾ ವಿಷದ ಹತ್ತಿರದ ನೆಂಟ. ಎರಡೂ ಮೈಯ ನೀರನ್ನೂ ಉಪ್ಪನ್ನೂ ಕರುಳಿನೊಳಕ್ಕೆ ಸುರಿಸುತ್ತವೆ. ಆದ್ದರಿಂದಲೇ ಕಾಲರಾಕ್ಕೆಂದು ರೂಪುಗೊಂಡ ಮದ್ದು ಇಂದು ಕಾಶಿಗೆ ಹೊರಟವರ ಚೀಲವನ್ನೂ ಸೇರಿದೆ: ನೀರಿಗೆ ಬೆರೆಸಿ ಕುಡಿಯುವ ಉಪ್ಪು-ಸಕ್ಕರೆಯ ಪುಡಿ, ಓಆರ್‌ಎಸ್.

ಕಾಲರಾ ರೋಗಿ ಸಾಯುವುದು ನೀರು ಬತ್ತಿ ಎಂಬುದನ್ನು ವೈದ್ಯರು ಬಹಳ ಹಿಂದೆಯೇ ಕಂಡುಕೊಂಡಿದ್ದರು. 1832ರಲ್ಲೇ ಸ್ಕಾಟ್ಲೆಂಡಿನ ಥಾಮಸ್ ಲ್ಯಾಟಾ ರೋಗಿಗಳ ರಕ್ತನಾಳಕ್ಕೆ ಉಪ್ಪುನೀರು ಹರಿಸಿ ನೋಡಿದ್ದ. ಆದರೆ ಬಾಯಿಂದ ಕುಡಿಸಿದರೆ ಸಾಕು ಎಂದು ನಂಬಲು ಇನ್ನೂ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಭೇದಿಯಾಗುತ್ತಿರುವ ಕರುಳು ಏನನ್ನೂ ಹೀರಲಾರದು, ಅದಕ್ಕೆ ವಿಶ್ರಾಂತಿ ಕೊಡಬೇಕು ಎಂಬುದೇ ವೈದ್ಯಲೋಕದ ನಂಬಿಕೆಯಾಗಿತ್ತು. ‘ನೀರು ಕುಡಿದರೆ ಇನ್ನೂ ಹೋಗುತ್ತೆ’ ಎಂದು ರೋಗಿಯ ಕೈಯಿಂದ ಲೋಟ ಕಿತ್ತುಕೊಳ್ಳುವವರು ಈಗಲೂ ಇದ್ದಾರೆ. 1953ರಲ್ಲಿ ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿ ಬಾಯಿಂದ ಕುಡಿಸಿಯೇ ಕಾಲರಾ ರೋಗಿಗಳನ್ನು ಗುಣಪಡಿಸಿದ್ದಾಗಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಅದಕ್ಕೆ ಸಿಗಬೇಕಾದ ಗಮನ ಸಿಗಲಿಲ್ಲ.

ಬಾಯಿಂದ ಕುಡಿಸಿದ್ದು ಫಲಿಸುವುದೇಕೆ ಎಂದು ತಿಳಿದದ್ದು 1960ರಲ್ಲಿ. ಗ್ಲೂಕೋಸ್ ಕರುಳಿನ ಗೋಡೆ ದಾಟುವಾಗ ಸೋಡಿಯಂ ಅನ್ನೂ ಜೊತೆಗೆ ಒಯ್ಯುತ್ತದೆ ಎಂದು ರಾಬರ್ಟ್ ಕ್ರೇನ್ ವಿವರಿಸಿದರು. ಇವೆರಡರ ಹಿಂದೆಯೇ ನೀರೂ ಒಳಸೇರುತ್ತದೆ. ಕಾಲರಾ ವಿಷ ಈ ದಾರಿಯನ್ನು ಮುಚ್ಚಲಾರದು. ಬರೀ ನೀರಾಗಲಿ ಬರೀ ಉಪ್ಪುನೀರಾಗಲಿ ಸಾಲದು, ಸಕ್ಕರೆ ಜೊತೆಗಿರಬೇಕು. 1968ರಲ್ಲಿ ಢಾಕಾದಲ್ಲಿ ಡೇವಿಡ್ ನೇಲಿನ್, ರಿಚರ್ಡ್ ಕ್ಯಾಶ್ ಮತ್ತು ಸಂಗಡಿಗರು ರೋಗಿಗಳ ಮೇಲೆ ಇದನ್ನು ಸಾಬೀತುಪಡಿಸಿದರು.

ಇಷ್ಟಾದರೂ ಅದು ಆಸ್ಪತ್ರೆಯ ಹೊಸ್ತಿಲು ದಾಟಿರಲಿಲ್ಲ. ದಾಟಿಸಿದ್ದು ಯುದ್ಧ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಲಕ್ಷಾಂತರ ಜನ ಗಡಿ ದಾಟಿ ಬಂದರು, ಜೊತೆಗೆ ಕಾಲರಾವೂ ಬಂತು. ಗಡಿಯ ಈಚೆಗಿನ ಬನಗಾಂವ್‌ನ ಆಸ್ಪತ್ರೆಯಲ್ಲಿ ಹಾಸಿಗೆಗಳು ತುಂಬಿ ರೋಗಿಗಳು ನೆಲದ ಮೇಲೆ ಮಲಗಿದ್ದರು. ಡಾ. ದಿಲೀಪ್ ಮಹಲನಬಿಸ್ ಮತ್ತು ಅವರ ತಂಡ ವಾಂತಿ, ಭೇದಿಯ ನಡುವೆಯೇ ಮಂಡಿಯೂರಿ ಡ್ರಿಪ್ ಹಾಕಬೇಕಾಗಿತ್ತು. ಆ ಸಲೈನ್ ಬಾಟಲಿಗಳೂ ಮುಗಿಯತೊಡಗಿದವು, ಸೂಜಿ ಚುಚ್ಚಬಲ್ಲ ಕೈಗಳೂ ಸಾಲಲಿಲ್ಲ. ಮಹಲನಬಿಸ್ ಒಂದು ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾದ ಅಳತೆಯಲ್ಲಿ ಪುಡಿಯನ್ನು ಪೊಟ್ಟಣ ಕಟ್ಟಿಸಿದರು. ಅದನ್ನು ಡ್ರಮ್ಮುಗಳಲ್ಲಿ ಕರಗಿಸಿ, ಲೋಟದಲ್ಲಿ ಹಿಡಿದು ಕುಡಿಸುವ ಕೆಲಸವನ್ನು ರೋಗಿಯ ಮನೆಯವರಿಗೇ ಒಪ್ಪಿಸಿದರು. ನನ್ನ ಲೆಕ್ಕದಲ್ಲಿ ಈ ಕಥೆಯ ದೊಡ್ಡ ಹೆಜ್ಜೆ ಇದೇ: ಮದ್ದು ವೈದ್ಯರ ಕೈಯಿಂದ ತಾಯಿಯ ಕೈಗೆ ಬಂದದ್ದು. ಶೇ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ 3.6ಕ್ಕೆ ಇಳಿಯಿತು. 2022ರಲ್ಲಿ ತೀರಿಕೊಂಡ ಮಹಲನಬಿಸ್ ಅವರಿಗೆ ಪದ್ಮವಿಭೂಷಣ ಬಂದದ್ದು ಮರುವರ್ಷ, ಬದುಕಿದ್ದಾಗಲೇ ಬರಬೇಕಿತ್ತು.

1980ರಿಂದ ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆಯ ಹೆಣ್ಣುಮಕ್ಕಳು ಮನೆಮನೆಗೆ ಹೋಗಿ ಚಿಟಿಕೆ ಉಪ್ಪು, ಹಿಡಿ ಬೆಲ್ಲದ ಪಾನಕ ಕಲಿಸಿದರು. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಓಆರ್‌ಎಸ್ ಸೂತ್ರದಲ್ಲಿ ಉಪ್ಪು, ಗ್ಲೂಕೋಸ್ ಎರಡನ್ನೂ ತಗ್ಗಿಸಿತು. ಈಗಿನ ಪೊಟ್ಟಣದಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಸಿಟ್ರೇಟ್ ಇರುತ್ತವೆ.

ದಾರಿಯಲ್ಲಿ ಹೊಟ್ಟೆ ಕೆಡದಂತೆ ನೋಡಿಕೊಳ್ಳುವುದು ಮೊದಲ ಮಾತು. ಹಬೆಯಾಡುವ ಊಟ, ಕುದಿಸಿದ ಅಥವಾ ಸೀಲ್ ಒಡೆಯದ ಬಾಟಲಿಯ ನೀರು, ನಾವೇ ಸಿಪ್ಪೆ ಸುಲಿದ ಹಣ್ಣು, ಸೋಪಿನಲ್ಲಿ ತೊಳೆದ ಕೈ. ಕಬ್ಬಿನ ಹಾಲಿಗೆ ಹಾಕುವ ಐಸ್ ಯಾವ ನೀರಿನದು ಎಂದು ಯಾರೂ ಕೇಳುವುದಿಲ್ಲ, ಕೇಳಬೇಕು. ಕೆಟ್ಟೇಹೋದರೆ ಕುಡಿಯುವುದೇ ಚಿಕಿತ್ಸೆ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಮತ್ತೆ ಕೊಡಬೇಕು. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟಸ ಅಳತೆ. ಗಂಜಿ, ಮಜ್ಜಿಗೆ ಅನ್ನ ನಿಲ್ಲಿಸಬೇಕಿಲ್ಲ. ಭೇದಿ ಕಟ್ಟುವ ಲೋಪೆರಮೈಡ್ ಮಾತ್ರೆಯನ್ನು ಜ್ವರ ಇದ್ದಾಗ, ಮಲದಲ್ಲಿ ರಕ್ತ ಕಂಡಾಗ ನುಂಗಬಾರದು, ಚಿಕ್ಕ ಮಕ್ಕಳಿಗಂತೂ ಕೊಡಲೇಬಾರದು. ರಕ್ತ, ಜೋರು ಜ್ವರ, ಮೂತ್ರ ಕಡಿಮೆಯಾಗುವುದು, ಮಗು ಮಂಕಾಗುವುದು ಕಂಡರೆ ವೈದ್ಯರ ಬಳಿಗೆ ತಡಮಾಡದೆ ಹೋಗಬೇಕು.

ಅಂಗಡಿಯಲ್ಲಿ ಕೊಳ್ಳುವಾಗಲೂ ಎಚ್ಚರ ಬೇಕು. ಓಆರ್‌ಎಸ್ ಎಂಬ ಹೆಸರು ಹೊತ್ತ ಸಿಹಿ ಪಾನೀಯಗಳು ಬಹುಕಾಲ ಮೆಡಿಕಲ್ ಶಾಪ್‌ಗಳಲ್ಲೇ ಮಾರಾಟವಾದವು. ಸಕ್ಕರೆ ಅತಿಯಾದರೆ ಕರುಳಿಗೆ ಇನ್ನಷ್ಟು ನೀರು ಇಳಿದು ಭೇದಿ ಹೆಚ್ಚುತ್ತದೆ. 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಪಾನೀಯಗಳು ಆ ಹೆಸರು ಬಳಸದಂತೆ ತಡೆಯಿತು. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ನಮೂದಾಗಿದೆಯೇ, ಎಷ್ಟು ನೀರಿಗೆ ಬೆರೆಸಬೇಕೆಂದು ಬರೆದಿದೆಯೇ, ಎರಡನ್ನೂ ಊರು ಬಿಡುವ ಮುಂಚೆಯೇ ಓದಿಕೊಳ್ಳಿ.